ಯುವ ಕ್ವಾರ್ಟರ್‌ಬ್ಯಾಕ್‌ಗಳ ಬೆಳವಣಿಗೆಯಲ್ಲಿ ಆಕ್ರಮಣ ಪಡೆಯ ಪಾತ್ರ

ಯುವ ಕ್ವಾರ್ಟರ್‌ಬ್ಯಾಕ್‌ಗಳ ಬೆಳವಣಿಗೆಯಲ್ಲಿ ಆಕ್ರಮಣ ಪಡೆಯ ಪಾತ್ರವು ಅಮೆರಿಕನ್ ಫುಟ್‌ಬಾಲ್ ಕ್ರೀಡೆಯಲ್ಲಿ ಬಹುಕಾಲದಿಂದ ಚರ್ಚೆಗೆ ಒಳಗಾಗಿರುವ ವಿಷಯವಾಗಿದೆ. ಕ್ವಾರ್ಟರ್‌ಬ್ಯಾಕ್ ಎಂಬುದು ತಂಡದ ಆಕ್ರಮಣವನ್ನು ಮುನ್ನಡೆಸುವ ಆಟಗಾರನ ಸ್ಥಾನ. ಕಾಲೇಜು ಮಟ್ಟದಲ್ಲಿ ಹೆಸರು ಮಾಡಿ ಬಂದ ಯುವ ಕ್ವಾರ್ಟರ್‌ಬ್ಯಾಕ್ ದುರ್ಬಲ ಸಹ ಆಟಗಾರರ ನಡುವೆ ವೃತ್ತಿಜೀವನ ಆರಂಭಿಸಿದರೆ, ಅವನ ಕೌಶಲ, ಆತ್ಮವಿಶ್ವಾಸ ಹಾಗೂ ದೇಹಸ್ಥಿತಿ ಮೂರರ ಮೇಲೂ ಅದು ಪರಿಣಾಮ ಬೀರಬಲ್ಲದು. ಹ್ಯೂಸ್ಟನ್ ಟೆಕ್ಸನ್ಸ್ ತಂಡದ ಡೇವಿಡ್ ಕಾರ್ ಅವರ ವೃತ್ತಿಜೀವನವನ್ನು ಇದಕ್ಕೆ ಪ್ರಮುಖ ನಿದರ್ಶನವಾಗಿ ಉಲ್ಲೇಖಿಸಲಾಗುತ್ತದೆ. ಆದರೆ ಇದೇ ಬಗೆಯ ಕಷ್ಟದ ಆರಂಭವನ್ನು ಕಂಡು ಮುಂದೆ ಶ್ರೇಷ್ಠ ಆಟಗಾರರೆನಿಸಿದವರೂ ಇದ್ದಾರೆ. ಆದ್ದರಿಂದ ಆರಂಭದ ವರ್ಷಗಳ ಸೋಲನ್ನು ಮಾತ್ರ ನೋಡಿ ಆಟಗಾರನ ಸಾಮರ್ಥ್ಯವನ್ನು ನಿರ್ಣಯಿಸುವುದು ಕಷ್ಟ.

ಈ ಲೇಖನದಲ್ಲಿ ಫುಟ್‌ಬಾಲ್ ಎಂದರೆ ಅಮೆರಿಕನ್ ಫುಟ್‌ಬಾಲ್ ಎಂದು ತಿಳಿಯತಕ್ಕದ್ದು. ಭಾರತದಲ್ಲಿ ಪ್ರಚಲಿತವಿರುವ ಕಾಲ್ಚೆಂಡಾಟವಲ್ಲ.

## ಆಟದ ಹಿನ್ನೆಲೆ

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಪ್ರತಿ ತಂಡದಿಂದ ಒಮ್ಮೆಗೆ 11 ಆಟಗಾರರು ಕಣದಲ್ಲಿರುತ್ತಾರೆ. ಚೆಂಡು ಹೊಂದಿರುವ ತಂಡದವರು ಆಕ್ರಮಣ ಪಡೆ, ಎದುರಾಳಿಗಳು ರಕ್ಷಣಾ ಪಡೆ. ಆಕ್ರಮಣ ಪಡೆಗೆ 10 ಗಜ ಮುಂದುವರಿಯಲು 4 ಅವಕಾಶಗಳು ದೊರೆಯುತ್ತವೆ. ಅಷ್ಟರಲ್ಲಿ ಗುರಿ ತಲುಪದಿದ್ದರೆ ಚೆಂಡು ಎದುರಾಳಿಗೆ ಸೇರುತ್ತದೆ.

ಆಕ್ರಮಣ ಪಡೆಯ ಹನ್ನೊಂದು ಮಂದಿಯಲ್ಲಿ ಐವರು ಮುಂಚೂಣಿ ಸಾಲಿನವರು. ನಡುವೆ ಸೆಂಟರ್, ಅವನ ಎಡಬಲಕ್ಕೆ ಇಬ್ಬರು ಗಾರ್ಡ್‌ಗಳು, ಅವರ ಆಚೆಗೆ ಇಬ್ಬರು ಟ್ಯಾಕಲ್‌ಗಳು ನಿಲ್ಲುತ್ತಾರೆ. ಎದುರಾಳಿಗಳು ಕ್ವಾರ್ಟರ್‌ಬ್ಯಾಕ್‌ನತ್ತ ನುಗ್ಗದಂತೆ ತಡೆಯುವುದು ಹಾಗೂ ಚೆಂಡು ಹಿಡಿದು ಓಡುವವನಿಗೆ ದಾರಿ ಮಾಡಿಕೊಡುವುದು ಇವರ ಕೆಲಸ. ಚೆಂಡು ಹಿಡಿದು ಓಡುವವನನ್ನು ರನ್ನಿಂಗ್ ಬ್ಯಾಕ್ ಎಂದೂ, ದೂರ ಓಡಿ ಎಸೆತವನ್ನು ಹಿಡಿಯುವವರನ್ನು ರಿಸೀವರ್ ಎಂದೂ ಕರೆಯುತ್ತಾರೆ. ಮುಂಚೂಣಿಯವರು ಎದುರಾಳಿಗಳನ್ನು ತಡೆದು ನಿಲ್ಲಿಸಿದಾಗ ಅವರ ಹಿಂದೆ ಉಂಟಾಗುವ ಸುರಕ್ಷಿತ ಜಾಗಕ್ಕೆ ಪಾಕೆಟ್ ಎಂದು ಹೆಸರು. ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಎಸೆಯುವ ಮೊದಲೇ ಎದುರಾಳಿಗಳು ಅವನನ್ನು ಹಿಡಿದು ನೆಲಕ್ಕೆ ಕೆಡವಿದರೆ ಅದನ್ನು ಸ್ಯಾಕ್ ಎನ್ನಲಾಗುತ್ತದೆ. ಎಸೆದ ಚೆಂಡನ್ನು ಎದುರಾಳಿ ಹಿಡಿದರೆ ಅದು ಇಂಟರ್‌ಸೆಪ್ಷನ್.

ಪ್ರತಿ ಎಸೆತದ ಆಟದಲ್ಲಿ ಕ್ವಾರ್ಟರ್‌ಬ್ಯಾಕ್‌ಗೆ ದೊರೆಯುವ ಕಾಲಾವಕಾಶ ಸಾಮಾನ್ಯವಾಗಿ ಎರಡೂವರೆಯಿಂದ ಮೂರು ಸೆಕೆಂಡುಗಳಷ್ಟೆ. ಅಷ್ಟರಲ್ಲಿ ಅವನು ರಕ್ಷಣಾ ಪಡೆಯ ವ್ಯೂಹವನ್ನು ಗ್ರಹಿಸಿ, ಮೊದಲ ರಿಸೀವರ್ ಸಿಗದಿದ್ದರೆ ಎರಡನೆಯವನನ್ನೂ ಮೂರನೆಯವನನ್ನೂ ಕ್ರಮವಾಗಿ ನೋಡಿ, ತೀರ್ಮಾನ ಕೈಗೊಂಡು ಎಸೆಯಬೇಕು.

## ಡ್ರಾಫ್ಟ್ ಪದ್ಧತಿ ಮತ್ತು ದುರ್ಬಲ ತಂಡಗಳು

ಅಮೆರಿಕದ ನ್ಯಾಷನಲ್ ಫುಟ್‌ಬಾಲ್ ಲೀಗ್ (ಎನ್.ಎಫ್.ಎಲ್.) 1936ರಿಂದ ಡ್ರಾಫ್ಟ್ ಎಂಬ ಆಯ್ಕೆ ಪದ್ಧತಿಯನ್ನು ಅನುಸರಿಸುತ್ತಿದೆ. ಹಿಂದಿನ ಋತುವಿನಲ್ಲಿ ಅತ್ಯಂತ ಕಳಪೆ ಸಾಧನೆ ತೋರಿದ ತಂಡಕ್ಕೆ ಕಾಲೇಜು ಆಟಗಾರರನ್ನು ಆರಿಸುವ ಮೊದಲ ಅವಕಾಶ ಸಿಗುತ್ತದೆ. ತಂಡಗಳ ನಡುವೆ ಸಮತೋಲ ತರುವುದು ಇದರ ಉದ್ದೇಶ. ಆದರೆ ಇದರ ಇನ್ನೊಂದು ಮುಖವೂ ಇದೆ. ವರ್ಷದ ಅತ್ಯುತ್ತಮ ಯುವ ಕ್ವಾರ್ಟರ್‌ಬ್ಯಾಕ್ ಬಹುಪಾಲು ಅತ್ಯಂತ ದುರ್ಬಲ ತಂಡಕ್ಕೇ ಹೋಗಿ ಸೇರುತ್ತಾನೆ. ಹೊಸದಾಗಿ ಲೀಗ್ ಸೇರುವ ತಂಡಗಳಲ್ಲಿ ಈ ಸಮಸ್ಯೆ ಇನ್ನೂ ತೀವ್ರ; ಅಲ್ಲಿ ಇತರ ತಂಡಗಳು ಬಿಟ್ಟುಕೊಟ್ಟ ಆಟಗಾರರಿಂದಲೇ ಬಹುಭಾಗ ತುಂಬಿರುತ್ತದೆ.

2011ರ ಒಪ್ಪಂದದ ನಂತರ ಡ್ರಾಫ್ಟ್‌ನಲ್ಲಿ ಆಯ್ಕೆಯಾದವರ ಮೊದಲ ಕರಾರು ನಾಲ್ಕು ವರ್ಷಗಳದ್ದಾಗಿರುತ್ತದೆ. ಮೊದಲ ಸುತ್ತಿನಲ್ಲಿ ಆಯ್ಕೆಯಾದವರನ್ನು ಐದನೆಯ ವರ್ಷವೂ ಉಳಿಸಿಕೊಳ್ಳುವ ಆಯ್ಕೆ ತಂಡಕ್ಕಿದೆ. ಈ ಅಲ್ಪ ಅವಧಿಯಲ್ಲೇ ಆಟಗಾರನ ಬಗ್ಗೆ ತಂಡ ತೀರ್ಮಾನಕ್ಕೆ ಬರಬೇಕಾಗುವುದರಿಂದ, ಅವನು ಯಾರ ಜೊತೆ ಆಡುತ್ತಾನೆ ಎಂಬುದು ಅವನ ಮುಂದಿನ ಬದುಕನ್ನೇ ನಿರ್ಧರಿಸುವಷ್ಟು ಮುಖ್ಯವಾಗುತ್ತದೆ.

ಈ ಕಾರಣದಿಂದ ಕೆಲವು ಆಟಗಾರರು ತಮ್ಮನ್ನು ಆರಿಸುವ ತಂಡವನ್ನೇ ನಿರಾಕರಿಸಿದ್ದುಂಟು. 2004ರಲ್ಲಿ ಈಲೈ ಮ್ಯಾನಿಂಗ್ ಅವರು ಸ್ಯಾನ್ ಡಿಯಾಗೊ ಚಾರ್ಜರ್ಸ್ ತಂಡಕ್ಕೆ ಆಡಲು ಮನಸ್ಸಿಲ್ಲವೆಂದು ಮೊದಲೇ ತಿಳಿಸಿದ್ದರು. ಚಾರ್ಜರ್ಸ್ ಅವರನ್ನು ಮೊದಲ ಸ್ಥಾನದಲ್ಲಿ ಆರಿಸಿ, ಅದೇ ದಿನ ನ್ಯೂಯಾರ್ಕ್ ಜಯಂಟ್ಸ್ ತಂಡಕ್ಕೆ ವರ್ಗಾಯಿಸಿತು. ಅವರ ತಂದೆ ಆರ್ಚಿ ಮ್ಯಾನಿಂಗ್ 1971ರ ಡ್ರಾಫ್ಟ್‌ನಲ್ಲಿ ಎರಡನೆಯವರಾಗಿ ನ್ಯೂ ಆರ್ಲಿಯನ್ಸ್ ಸೇಂಟ್ಸ್ ತಂಡಕ್ಕೆ ಆಯ್ಕೆಯಾಗಿ, 1982ರವರೆಗೆ ಅಲ್ಲಿಯೇ ಇದ್ದರು. ಆ ಅವಧಿಯಲ್ಲಿ ತಂಡವು ಒಂದು ಋತುವಿನಲ್ಲೂ ಸೋಲಿಗಿಂತ ಹೆಚ್ಚು ಗೆಲುವು ಕಾಣಲಿಲ್ಲ. 1979ರಲ್ಲಿ ಗಳಿಸಿದ 8 ಗೆಲುವು, 8 ಸೋಲು ಅತ್ಯುತ್ತಮ ಸಾಧನೆಯಾಗಿತ್ತು. ಗಮನಿಸಬೇಕಾದ ಸಂಗತಿಯೆಂದರೆ, ಈಲೈ ನಿರಾಕರಿಸಿದ ಚಾರ್ಜರ್ಸ್ ಅದೇ 2004ರಲ್ಲಿ 12 ಪಂದ್ಯಗಳನ್ನು ಗೆದ್ದಿತು. ತಂಡವೊಂದರ ಭವಿಷ್ಯವನ್ನು ಮುಂಚಿತವಾಗಿ ಊಹಿಸುವುದು ಎಷ್ಟು ಕಷ್ಟವೆಂಬುದನ್ನು ಇದು ತೋರಿಸುತ್ತದೆ.

## ಪ್ರಭಾವದ ಬಗೆಗಳು

### ಮುಂಚೂಣಿ ಸಾಲಿನ ದೌರ್ಬಲ್ಯ

ಪಾಕೆಟ್ ಬೇಗ ಕುಸಿದರೆ ಕ್ವಾರ್ಟರ್‌ಬ್ಯಾಕ್‌ಗೆ ಎರಡನೆಯ, ಮೂರನೆಯ ರಿಸೀವರ್‌ನನ್ನು ನೋಡಲು ಸಮಯವೇ ಇರುವುದಿಲ್ಲ. ಎದುರಾಳಿಯ ವ್ಯೂಹವನ್ನು ಓದುವ ವಿದ್ಯೆ ನಿಜವಾದ ಪಂದ್ಯಗಳಲ್ಲಿ ಪದೇ ಪದೇ ಮಾಡಿಯೇ ಕಲಿಯಬೇಕಾದದ್ದು. ಆ ಅಭ್ಯಾಸಕ್ಕೆ ಅವಕಾಶ ಸಿಗದ ಯುವಕ ವರ್ಷಗಟ್ಟಲೆ ಆಡಿಯೂ ಹೊಸಬನಂತೆಯೇ ಉಳಿಯುವ ಅಪಾಯವಿದೆ.

ಇದಕ್ಕಿಂತ ಆಳವಾದದ್ದು ರೂಢಿಗಳ ಪ್ರಶ್ನೆ. ಪದೇ ಪದೇ ಹೊಡೆತ ತಿಂದವನ ದೃಷ್ಟಿ ದೂರದ ರಿಸೀವರ್‌ಗಳನ್ನು ಬಿಟ್ಟು ಹತ್ತಿರದಲ್ಲಿ ನುಗ್ಗಿ ಬರುವ ಎದುರಾಳಿಗಳತ್ತ ಇಳಿಯುತ್ತದೆ. ಪಾದಗಳನ್ನು ಊರದೆ ಎಸೆಯುವುದು, ಪಾಕೆಟ್ ಭದ್ರವಾಗಿರುವಾಗಲೂ ಅಲ್ಲಿಂದ ಓಡಿಹೋಗುವುದು, ಅಪಾಯವಿಲ್ಲದ ಗಿಡ್ಡ ಎಸೆತಗಳನ್ನೇ ನೆಚ್ಚಿಕೊಳ್ಳುವುದು ಇದರ ಲಕ್ಷಣಗಳು. ಆ ಕ್ಷಣಕ್ಕೆ ಇವು ಆತ್ಮರಕ್ಷಣೆಯ ಉಪಾಯಗಳೇ ಹೌದು. ಆದರೆ ಮುಂದೆ ಒಳ್ಳೆಯ ಮುಂಚೂಣಿ ದೊರೆತ ಮೇಲೂ ಇವು ಸುಲಭವಾಗಿ ಬಿಟ್ಟುಹೋಗುವುದಿಲ್ಲ.

2018ರ ಡ್ರಾಫ್ಟ್‌ನಲ್ಲಿ ಮೂರನೆಯವರಾಗಿ ನ್ಯೂಯಾರ್ಕ್ ಜೆಟ್ಸ್ ಸೇರಿದ ಸ್ಯಾಮ್ ಡಾರ್ನಲ್ಡ್ ಅವರ ಒಂದು ಪ್ರಸಂಗ ಈ ಸಂದರ್ಭದಲ್ಲಿ ಪ್ರಸಿದ್ಧ. 2019ರ ಅಕ್ಟೋಬರ್ 21ರಂದು ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ವಿರುದ್ಧ ಜೆಟ್ಸ್ 33-0 ಅಂತರದಿಂದ ಸೋತಿತು. ಡಾರ್ನಲ್ಡ್ ನಾಲ್ಕು ಇಂಟರ್‌ಸೆಪ್ಷನ್ ಎಸೆದರು. ಪಂದ್ಯದ ನಡುವೆ ತಮಗೆ ಭೂತಗಳು ಕಾಣುತ್ತಿವೆ ಎಂದು ಅವರು ಆಡಿದ ಮಾತು, ಧರಿಸಿದ್ದ ಮೈಕ್ ಮೂಲಕ ದೂರದರ್ಶನದಲ್ಲಿ ಪ್ರಸಾರವಾಯಿತು. ಇಲ್ಲದ ಎದುರಾಳಿ ಇದ್ದಂತೆ ಭಾಸವಾಗುವ ಸ್ಥಿತಿಗೆ ಈ ಆಟದಲ್ಲಿ ಬಳಸುವ ಮಾತಿದು.

### ರಿಸೀವರ್‌ಗಳು ಮತ್ತು ಓಟದ ಆಟ

ಎದುರಾಳಿಯಿಂದ ಬಿಡಿಸಿಕೊಂಡು ತೆರವಾದ ಜಾಗಕ್ಕೆ ತಲುಪಬಲ್ಲ ರಿಸೀವರ್‌ಗಳಿಲ್ಲದಿದ್ದರೆ, ಮುಂಚೂಣಿ ಎಷ್ಟೇ ಗಟ್ಟಿಯಿದ್ದರೂ ಪ್ರಯೋಜನ ಕಡಿಮೆ. ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಹೆಚ್ಚು ಹೊತ್ತು ಕೈಯಲ್ಲಿಟ್ಟುಕೊಂಡು ಕಾಯುವಂತಾಗಿ, ಅದೇ ಸ್ಯಾಕ್‌ಗೆ ಕಾರಣವಾಗುತ್ತದೆ. ರಿಸೀವರ್ ಕೈಗೆ ತಾಗಿ ಚಿಮ್ಮಿದ ಚೆಂಡನ್ನು ಎದುರಾಳಿ ಹಿಡಿದರೂ ಅಂಕಿಅಂಶದಲ್ಲಿ ಆ ತಪ್ಪು ಕ್ವಾರ್ಟರ್‌ಬ್ಯಾಕ್‌ನ ಲೆಕ್ಕಕ್ಕೇ ಸೇರುತ್ತದೆ.

ಓಟದ ಆಟ ದುರ್ಬಲವಾಗಿದ್ದರೆ ಮೊದಲೆರಡು ಅವಕಾಶಗಳಲ್ಲಿ ಹೆಚ್ಚು ಗಜಗಳು ದಕ್ಕುವುದಿಲ್ಲ. ಆಗ ಮೂರನೆಯ ಅವಕಾಶದಲ್ಲಿ ದೂರದ ಎಸೆತ ಅನಿವಾರ್ಯವೆಂಬುದು ಎದುರಾಳಿಗೂ ತಿಳಿದಿರುತ್ತದೆ. ಓಟವನ್ನು ತಡೆಯುವ ಚಿಂತೆಯಿಲ್ಲದೆ ಅವರು ನೇರವಾಗಿ ಕ್ವಾರ್ಟರ್‌ಬ್ಯಾಕ್‌ನತ್ತ ನುಗ್ಗುತ್ತಾರೆ. ಹೀಗೆ ಒಂದು ದೌರ್ಬಲ್ಯ ಇನ್ನೊಂದನ್ನು ಹೆಚ್ಚಿಸುತ್ತದೆ. ಸೋಲುತ್ತಿರುವ ತಂಡ ಅಂಕಗಳ ಅಂತರ ತುಂಬಲು ಎಸೆತಗಳನ್ನೇ ಅವಲಂಬಿಸಬೇಕಾಗುವುದರಿಂದ ಈ ಒತ್ತಡ ಪಂದ್ಯದ ಕೊನೆಯವರೆಗೂ ಇಳಿಯುವುದಿಲ್ಲ.

### ತರಬೇತಿಯ ಅಸ್ಥಿರತೆ

ಸೋಲುವ ತಂಡಗಳಲ್ಲಿ ತರಬೇತುದಾರರು ಬೇಗ ಬದಲಾಗುತ್ತಾರೆ. ಪ್ರತಿ ಹೊಸ ಆಕ್ರಮಣ ಸಂಯೋಜಕನೊಂದಿಗೆ ಆಟದ ತಂತ್ರ, ಸಂಕೇತ ಪದಗಳು, ಪಾದಚಲನೆಯ ಕ್ರಮ ಎಲ್ಲವೂ ಬದಲಾಗುತ್ತವೆ. ಪ್ರತಿ ವರ್ಷ ಹೊಸ ಪಠ್ಯಕ್ರಮದಿಂದ ಮೊದಲನೆಯ ಪಾಠವನ್ನೇ ಆರಂಭಿಸುವ ವಿದ್ಯಾರ್ಥಿಯ ಸ್ಥಿತಿಗೆ ಇದನ್ನು ಹೋಲಿಸಬಹುದು. 2005ರ ಡ್ರಾಫ್ಟ್‌ನಲ್ಲಿ ಮೊದಲಿಗರಾಗಿ ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್ ಸೇರಿದ ಅಲೆಕ್ಸ್ ಸ್ಮಿತ್ ಮೊದಲ ಮೂರು ವರ್ಷಗಳಲ್ಲಿ ಮೈಕ್ ಮೆಕಾರ್ಥಿ, ನಾರ್ವ್ ಟರ್ನರ್, ಜಿಮ್ ಹೋಸ್ಟ್ಲರ್ ಎಂಬ ಮೂವರು ಸಂಯೋಜಕರ ಕೈಕೆಳಗೆ ಆಡಬೇಕಾಯಿತು. ಮೊದಲ ಋತುವಿನಲ್ಲಿ ಅವರು ಕೇವಲ 1 ಟಚ್‌ಡೌನ್ ಎಸೆತಕ್ಕೆ 11 ಇಂಟರ್‌ಸೆಪ್ಷನ್ ನೀಡಿದ್ದರು.

## ಡೇವಿಡ್ ಕಾರ್ ಮತ್ತು ಹ್ಯೂಸ್ಟನ್ ಟೆಕ್ಸನ್ಸ್

ಹ್ಯೂಸ್ಟನ್ ಟೆಕ್ಸನ್ಸ್ 2002ರಲ್ಲಿ ಎನ್.ಎಫ್.ಎಲ್.ಗೆ ಹೊಸದಾಗಿ ಸೇರ್ಪಡೆಯಾದ ತಂಡ. ಆ ವರ್ಷದ ಡ್ರಾಫ್ಟ್‌ನಲ್ಲಿ ಮೊದಲ ಆಯ್ಕೆಯಾಗಿ ಫ್ರೆಸ್ನೊ ಸ್ಟೇಟ್ ವಿಶ್ವವಿದ್ಯಾಲಯದ ಡೇವಿಡ್ ಕಾರ್ ಅವರನ್ನು ಆರಿಸಿಕೊಂಡಿತು. ಅವರ ರಕ್ಷಣೆಗೆ ತಂಡ ಸಿದ್ಧತೆಯನ್ನೇ ಮಾಡಿರಲಿಲ್ಲ ಎನ್ನಲಾಗದು. ಹೊಸ ತಂಡಕ್ಕೆ ಆಟಗಾರರನ್ನು ಒದಗಿಸುವ ವಿಶೇಷ ಆಯ್ಕೆಯಲ್ಲಿ ಜಾಕ್ಸನ್‌ವಿಲ್ ಜಾಗ್ವಾರ್ಸ್‌ನ ಪ್ರಖ್ಯಾತ ಎಡ ಟ್ಯಾಕಲ್ ಟೋನಿ ಬೊಸೆಲಿ ಅವರನ್ನು ಪಡೆಯಲಾಗಿತ್ತು. ಬಲಗೈ ಎಸೆತಗಾರನ ಬೆನ್ನ ಕಡೆಯನ್ನು ಕಾಯುವವನು ಎಡ ಟ್ಯಾಕಲ್ ಆದುದರಿಂದ ಇದು ಮಹತ್ವದ ಆಯ್ಕೆ. ಆದರೆ ಭುಜದ ಗಾಯದಿಂದಾಗಿ ಬೊಸೆಲಿ ಟೆಕ್ಸನ್ಸ್ ಪರ ಒಂದು ಪಂದ್ಯವನ್ನೂ ಆಡದೆ ನಿವೃತ್ತರಾದರು.

2002ರ ಸೆಪ್ಟೆಂಬರ್ 8ರಂದು ನಡೆದ ಮೊದಲ ಪಂದ್ಯದಲ್ಲಿ ಟೆಕ್ಸನ್ಸ್ ತಂಡ ಡಲ್ಲಾಸ್ ಕೌಬಾಯ್ಸ್ ತಂಡವನ್ನು 19-10ರಿಂದ ಸೋಲಿಸಿ ಬೆರಗು ಮೂಡಿಸಿತು. ಆದರೆ ಋತುವಿನ ಕೊನೆಗೆ ತಂಡದ ಲೆಕ್ಕ 4 ಗೆಲುವು, 12 ಸೋಲು. 16 ಪಂದ್ಯಗಳಲ್ಲಿ ಕಾರ್ 76 ಬಾರಿ ಸ್ಯಾಕ್‌ಗೆ ಒಳಗಾದರು. ಎಂದರೆ ಪ್ರತಿ ಪಂದ್ಯಕ್ಕೆ ಹೆಚ್ಚು ಕಡಿಮೆ ಐದು ಬಾರಿ. ಒಂದೇ ಋತುವಿನಲ್ಲಿ ಅತಿ ಹೆಚ್ಚು ಸ್ಯಾಕ್‌ಗೊಳಗಾದ ಎನ್.ಎಫ್.ಎಲ್. ದಾಖಲೆ ಇದು. ಅದಕ್ಕೂ ಹಿಂದಿನ ದಾಖಲೆ 1986ರಲ್ಲಿ ಫಿಲಡೆಲ್ಫಿಯ ಈಗಲ್ಸ್‌ನ ರ‍್ಯಾಂಡಲ್ ಕನಿಂಗ್‌ಹ್ಯಾಮ್ ಅವರದಾಗಿತ್ತು (72).

ಟೆಕ್ಸನ್ಸ್‌ನಲ್ಲಿದ್ದ ಐದು ಋತುಗಳಲ್ಲಿ ಕಾರ್ ಸ್ಯಾಕ್‌ಗೊಳಗಾದ ಲೆಕ್ಕ ಹೀಗಿದೆ:

- 2002: 76
- 2003: 15 (ಗಾಯದ ಕಾರಣ ಕೆಲವು ಪಂದ್ಯಗಳಲ್ಲಿ ಆಡಲಿಲ್ಲ)
- 2004: 49
- 2005: 68
- 2006: 41

ಒಟ್ಟು 249. ಈ ಅಂಕಿಗಳಲ್ಲಿ ಏರಿಳಿತವಿದೆ ಎಂಬುದು ಗಮನಾರ್ಹ. 2003ರಲ್ಲಿ ತಂಡವು ರಿಸೀವರ್ ಆಂಡ್ರೆ ಜಾನ್ಸನ್ ಅವರನ್ನು ಪಡೆಯಿತು. 2004ರಲ್ಲಿ ಕಾರ್ 3,531 ಗಜಗಳಷ್ಟು ಎಸೆತ ಪೂರೈಸಿದರು, ತಂಡ 7 ಪಂದ್ಯ ಗೆದ್ದಿತು. ಬೆಳವಣಿಗೆಯ ದಾರಿ ತೆರೆಯಿತೆಂದು ಅನಿಸುವಷ್ಟರಲ್ಲಿ, 2005ರಲ್ಲಿ ರಕ್ಷಣೆ ಮತ್ತೆ ಕುಸಿಯಿತು. ಋತುವಿನ ಆರಂಭದಲ್ಲೇ ಆಕ್ರಮಣ ಸಂಯೋಜಕ ಕ್ರಿಸ್ ಪಾಮರ್ ಅವರನ್ನು ತೆಗೆಯಲಾಯಿತು; ತಂಡಕ್ಕೆ ದಕ್ಕಿದ್ದು 2 ಗೆಲುವು ಮಾತ್ರ.

2006ರಲ್ಲಿ ಗ್ಯಾರಿ ಕ್ಯೂಬಿಯಾಕ್ ಮುಖ್ಯ ತರಬೇತುದಾರರಾದರು. ಆ ವರ್ಷ ಕಾರ್ ಅವರ ಎಸೆತಗಳಲ್ಲಿ ಶೇಕಡ 68.3 ಗುರಿ ಮುಟ್ಟಿದವು. ಇದು ಆ ಋತುವಿನಲ್ಲಿ ಲೀಗ್‌ನಲ್ಲೇ ಅತಿ ಹೆಚ್ಚು. ಆದರೆ ಪ್ರತಿ ಎಸೆತಕ್ಕೆ ದಕ್ಕಿದ್ದು ಸರಾಸರಿ 6.3 ಗಜಗಳಷ್ಟೆ. ನಿಖರತೆ ಇತ್ತು, ದೂರದ ಎಸೆತ ಕಡಿಮೆಯಾಗಿತ್ತು. 2007ರ ಮಾರ್ಚ್‌ನಲ್ಲಿ ಟೆಕ್ಸನ್ಸ್ ಅಟ್ಲಾಂಟ ಫಾಲ್ಕನ್ಸ್‌ನಿಂದ ಮ್ಯಾಟ್ ಶಾಬ್ ಅವರನ್ನು ತಂದು ಕಾರ್ ಅವರನ್ನು ಬಿಡುಗಡೆ ಮಾಡಿತು. ಆಗ ಅವರ ವಯಸ್ಸು 27. ಅದೇ ವರ್ಷ ಕ್ಯಾರೊಲೈನ ಪ್ಯಾಂಥರ್ಸ್ ಪರ ನಾಲ್ಕು ಪಂದ್ಯಗಳನ್ನು ಆರಂಭಿಸಿದ್ದನ್ನು ಬಿಟ್ಟರೆ, ಉಳಿದ ವರ್ಷಗಳನ್ನು ಅವರು ಬದಲಿ ಆಟಗಾರರಾಗಿಯೇ ಕಳೆದರು. 2011ರ ಋತುವಿನ ಸೂಪರ್ ಬೌಲ್ ಗೆದ್ದ ನ್ಯೂಯಾರ್ಕ್ ಜಯಂಟ್ಸ್ ತಂಡದಲ್ಲೂ ಅವರು ಈಲೈ ಮ್ಯಾನಿಂಗ್ ಅವರ ಬದಲಿ ಆಟಗಾರರಾಗಿದ್ದರು.

## ಕಷ್ಟದ ಆರಂಭದಿಂದ ಚೇತರಿಸಿಕೊಂಡವರು

ಟ್ರಾಯ್ ಏಕ್‌ಮನ್ 1989ರಲ್ಲಿ ಮೊದಲ ಆಯ್ಕೆಯಾಗಿ ಡಲ್ಲಾಸ್ ಕೌಬಾಯ್ಸ್ ಸೇರಿದರು. ಆ ಋತುವಿನಲ್ಲಿ ತಂಡ ಗೆದ್ದದ್ದು ಒಂದೇ ಪಂದ್ಯ. ಏಕ್‌ಮನ್ ಆರಂಭಿಸಿದ 11 ಪಂದ್ಯಗಳಲ್ಲೂ ಸೋಲು. 9 ಟಚ್‌ಡೌನ್‌ಗಳಿಗೆ 18 ಇಂಟರ್‌ಸೆಪ್ಷನ್‌ಗಳಾದವು. ಆದರೆ ತಂಡ ಅವರ ಸುತ್ತ ಒಂದೊಂದಾಗಿ ಆಸರೆಗಳನ್ನು ಕಟ್ಟುತ್ತ ಹೋಯಿತು. ರನ್ನಿಂಗ್ ಬ್ಯಾಕ್ ಹರ್ಷೆಲ್ ವಾಕರ್ ಅವರನ್ನು ಮಿನೆಸೋಟ ವೈಕಿಂಗ್ಸ್‌ಗೆ ಬಿಟ್ಟುಕೊಟ್ಟು ಅನೇಕ ಡ್ರಾಫ್ಟ್ ಆಯ್ಕೆಗಳನ್ನು ಪಡೆಯಿತು. 1990ರಲ್ಲಿ ರನ್ನಿಂಗ್ ಬ್ಯಾಕ್ ಎಮಿಟ್ ಸ್ಮಿತ್ ಬಂದರು. 1991ರಲ್ಲಿ ನಾರ್ವ್ ಟರ್ನರ್ ಸಂಯೋಜಕರಾದರು. 1992, 1993 ಹಾಗೂ 1995ರ ಋತುಗಳಲ್ಲಿ ಕೌಬಾಯ್ಸ್ ಸೂಪರ್ ಬೌಲ್ ಗೆದ್ದಿತು.

ಸ್ಟೀವ್ ಯಂಗ್ 1985 ಮತ್ತು 1986ರಲ್ಲಿ ಟ್ಯಾಂಪಾ ಬೇ ಬಕನೀರ್ಸ್ ಪರ 19 ಪಂದ್ಯಗಳನ್ನು ಆರಂಭಿಸಿ ಗೆದ್ದದ್ದು ಮೂರು ಮಾತ್ರ. 1987ರಲ್ಲಿ ಫಾರ್ಟಿನೈನರ್ಸ್ ಸೇರಿ, ಜೋ ಮೊಂಟಾನ ಅವರ ಹಿಂದೆ ಕಾದು ಕಲಿತ ಅವರು 1992 ಮತ್ತು 1994ರಲ್ಲಿ ಲೀಗ್‌ನ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಪಡೆದರು. ಅಲೆಕ್ಸ್ ಸ್ಮಿತ್ ಅವರು 2011ರಲ್ಲಿ ಜಿಮ್ ಹಾರ್ಬಾ ಮುಖ್ಯ ತರಬೇತುದಾರರಾದ ಮೇಲೆ 17 ಟಚ್‌ಡೌನ್‌ಗಳಿಗೆ ಕೇವಲ 5 ಇಂಟರ್‌ಸೆಪ್ಷನ್ ಎಸೆದರು. ತಂಡ 13 ಪಂದ್ಯ ಗೆದ್ದಿತು.

ಜ್ಯಾರೆಡ್ ಗಾಫ್ ಅವರ ಪ್ರಕರಣದಲ್ಲಿ ಬದಲಾವಣೆ ಇನ್ನೂ ಕ್ಷಿಪ್ರ. 2016ರ ಮೊದಲ ಆಯ್ಕೆಯಾಗಿ ಲಾಸ್ ಏಂಜಲೀಸ್ ರ‍್ಯಾಮ್ಸ್ ಸೇರಿದ ಅವರು ಮೊದಲ ಋತುವಿನಲ್ಲಿ ಆರಂಭಿಸಿದ ಏಳೂ ಪಂದ್ಯಗಳನ್ನು ಸೋತರು. ಮರುವರ್ಷ ಶಾನ್ ಮೆಕ್‌ವೇ ತರಬೇತುದಾರರಾಗಿ ಬಂದರು. ಎಡ ಟ್ಯಾಕಲ್ ಆಂಡ್ರೂ ವಿಟ್‌ವರ್ತ್, ರಿಸೀವರ್‌ಗಳಾದ ರಾಬರ್ಟ್ ವುಡ್ಸ್ ಮತ್ತು ಕೂಪರ್ ಕಪ್ ತಂಡ ಸೇರಿದರು. ಗಾಫ್ 28 ಟಚ್‌ಡೌನ್, 7 ಇಂಟರ್‌ಸೆಪ್ಷನ್‌ಗಳೊಂದಿಗೆ ಋತು ಮುಗಿಸಿದರು. ಡಾರ್ನಲ್ಡ್ ಅವರಿಗೆ ಈ ತಿರುವು ತಡವಾಗಿ ಬಂತು. ಹಲವು ತಂಡಗಳನ್ನು ದಾಟಿ 2024ರಲ್ಲಿ ಮಿನೆಸೋಟ ವೈಕಿಂಗ್ಸ್ ಸೇರಿದಾಗ ಅವರು 35 ಟಚ್‌ಡೌನ್ ಎಸೆದು ತಂಡದ 14 ಗೆಲುವುಗಳಿಗೆ ಕಾರಣರಾದರು.

## ದೈಹಿಕ ಪರಿಣಾಮ

ಕೌಶಲದ ಹಿನ್ನಡೆಯನ್ನು ಮುಂದೆ ಸರಿಪಡಿಸಿಕೊಳ್ಳಬಹುದು; ದೇಹಕ್ಕಾದ ಹಾನಿ ಎಲ್ಲ ಸಂದರ್ಭಗಳಲ್ಲೂ ವಾಸಿಯಾಗುವುದಿಲ್ಲ. 2012ರ ಮೊದಲ ಆಯ್ಕೆಯಾದ ಇಂಡಿಯಾನಾಪೊಲಿಸ್ ಕೋಲ್ಟ್ಸ್‌ನ ಆಂಡ್ರೂ ಲಕ್ ಆರಂಭದಿಂದಲೇ ಯಶಸ್ವಿಯಾದ ಆಟಗಾರ. ಆದರೆ ಸತತ ಹೊಡೆತಗಳ ನಡುವೆ ಭುಜದ ಗಾಯ, ಮೂತ್ರಪಿಂಡದ ಗಾಯ ಮೊದಲಾದವುಗಳಿಗೆ ತುತ್ತಾಗಿ 2017ರ ಋತುವಿನಲ್ಲಿ ಆಡಲೇ ಇಲ್ಲ. 2018ರಲ್ಲಿ ಗಾರ್ಡ್ ಕ್ವೆಂಟನ್ ನೆಲ್ಸನ್ ಮುಂತಾದವರಿಂದ ಮುಂಚೂಣಿ ಬಲಗೊಂಡಿತು. ಲಕ್ ಇಡೀ ಋತುವಿನಲ್ಲಿ 18 ಬಾರಿ ಮಾತ್ರ ಸ್ಯಾಕ್‌ಗೊಳಗಾಗಿ 39 ಟಚ್‌ಡೌನ್ ಎಸೆದರು. ಆದರೂ ಗಾಯ ಮತ್ತು ಚಿಕಿತ್ಸೆಗಳ ಸರಣಿಯಿಂದ ಬಳಲಿ, 2019ರ ಆಗಸ್ಟ್ 24ರಂದು ತಮ್ಮ 29ನೆಯ ವಯಸ್ಸಿನಲ್ಲಿ ನಿವೃತ್ತಿ ಘೋಷಿಸಿದರು. ನೆರವು ಬಂದಿತ್ತು, ಆದರೆ ತಡವಾಗಿತ್ತು.

## ಹೊಣೆಗಾರಿಕೆಯ ಚರ್ಚೆ

ಸ್ಯಾಕ್‌ಗಳಿಗೆಲ್ಲ ಮುಂಚೂಣಿಯೇ ಹೊಣೆಯೆಂಬ ವಾದವನ್ನು ಎಲ್ಲರೂ ಒಪ್ಪುವುದಿಲ್ಲ. ಚೆಂಡನ್ನು ಹೆಚ್ಚು ಹೊತ್ತು ಇಟ್ಟುಕೊಳ್ಳುವ, ನುಗ್ಗುವವರನ್ನು ಮೊದಲೇ ಗುರುತಿಸಲಾಗದ ಕ್ವಾರ್ಟರ್‌ಬ್ಯಾಕ್ ಉತ್ತಮ ಮುಂಚೂಣಿಯ ಹಿಂದೆಯೂ ಸ್ಯಾಕ್‌ಗೊಳಗಾಗುತ್ತಾನೆ. ಪೇಟನ್ ಮ್ಯಾನಿಂಗ್ 1998ರಲ್ಲಿ ಕೋಲ್ಟ್ಸ್ ಪರ ಮೊದಲ ಋತುವಿನಲ್ಲಿ 28 ಇಂಟರ್‌ಸೆಪ್ಷನ್ ಎಸೆದು 13 ಪಂದ್ಯಗಳಲ್ಲಿ ಸೋಲು ಕಂಡರೂ, ಸ್ಯಾಕ್‌ಗೊಳಗಾದದ್ದು 22 ಬಾರಿ ಮಾತ್ರ. ಚೆಂಡನ್ನು ಬೇಗ ಬಿಡುವ ಅವರ ಗುಣ ಇದಕ್ಕೆ ಒಂದು ಕಾರಣ. ಸೋತರೂ ಅವರಿಗೆ ಆಟವನ್ನು ಓದುವ ಅವಕಾಶ ತಪ್ಪಲಿಲ್ಲ. ಮರುವರ್ಷವೇ ತಂಡ 13 ಪಂದ್ಯ ಗೆದ್ದಿತು. ಆಕ್ರಮಣ ಸಂಯೋಜಕ ಟಾಮ್ ಮೂರ್ ಹತ್ತು ವರ್ಷಗಳಿಗೂ ಹೆಚ್ಚು ಕಾಲ ಅವರೊಂದಿಗಿದ್ದರು.

ಜೋ ಬರೋ ಅವರ ಉದಾಹರಣೆ ಚರ್ಚೆಯನ್ನು ಇನ್ನಷ್ಟು ಜಟಿಲಗೊಳಿಸುತ್ತದೆ. 2020ರ ಮೊದಲ ಆಯ್ಕೆಯಾಗಿ ಸಿನ್ಸಿನಾಟಿ ಬೆಂಗಾಲ್ಸ್ ಸೇರಿದ ಅವರಿಗೆ ಆ ನವೆಂಬರ್‌ನಲ್ಲಿ ಮಂಡಿಯ ತೀವ್ರ ಗಾಯವಾಯಿತು. 2021ರ ಡ್ರಾಫ್ಟ್‌ನಲ್ಲಿ ತಂಡವು ಟ್ಯಾಕಲ್ ಪೆನೆ ಸೂವೆಲ್ ಅವರ ಬದಲು ರಿಸೀವರ್ ಜಮಾರ್ ಚೇಸ್ ಅವರನ್ನು ಆರಿಸಿದ್ದು ಟೀಕೆಗೆ ಗುರಿಯಾಯಿತು. ಆ ಋತುವಿನಲ್ಲಿ ಪ್ಲೇಆಫ್ ಸೇರಿ ಬರೋ 70 ಬಾರಿ ಸ್ಯಾಕ್‌ಗೊಳಗಾದರೂ ತಂಡ ಸೂಪರ್ ಬೌಲ್ ತಲುಪಿ, ರ‍್ಯಾಮ್ಸ್ ಎದುರು 23-20ರಿಂದ ಸೋತಿತು. ಮುಂಚೂಣಿಯ ಕೊರತೆಯನ್ನು ಶ್ರೇಷ್ಠ ರಿಸೀವರ್‌ಗಳು ಸ್ವಲ್ಪಮಟ್ಟಿಗೆ ತುಂಬಬಲ್ಲರು ಎಂಬುದಕ್ಕೆ ಇದು ಸಾಕ್ಷಿ. ಆದರೆ ಅಂತಿಮ ಪಂದ್ಯವೊಂದರಲ್ಲೇ ಅವರು ಏಳು ಬಾರಿ ನೆಲಕ್ಕುರುಳಿದರೆಂಬುದನ್ನೂ ಮರೆಯಲಾಗದು.

ಕಾರ್ ಅವರ ಬಗ್ಗೆಯೂ ಎರಡು ಅಭಿಪ್ರಾಯಗಳಿವೆ. ಮುಂಚೂಣಿಯ ದೌರ್ಬಲ್ಯ ಅವರನ್ನು ಹಾಳುಗೆಡವಿತೆಂದು ಕೆಲವರೂ, ಚೆಂಡು ಬಿಡಲು ಅವರೇ ತಡಮಾಡುತ್ತಿದ್ದರೆಂದು ಕೆಲವರೂ ಹೇಳುತ್ತಾರೆ. ಇವೆರಡೂ ಒಂದಕ್ಕೊಂದು ವಿರುದ್ಧವಾಗಬೇಕಿಲ್ಲ. ದುರ್ಬಲ ರಕ್ಷಣೆಯಲ್ಲಿ ರೂಢಿಯಾದ ದೋಷವೇ ಮುಂದೆ ಆಟಗಾರನ ಸ್ವಂತ ದೋಷವಾಗಿ ಕಾಣಿಸಿಕೊಳ್ಳಬಲ್ಲದು.

## ತಂಡಗಳು ಅನುಸರಿಸುವ ಕ್ರಮಗಳು

- ಕಾಯಿಸಿ ಕಲಿಸುವುದು: ಏರನ್ ರಾಜರ್ಸ್ 2005ರಿಂದ ಮೂರು ಋತು ಗ್ರೀನ್ ಬೇ ಪ್ಯಾಕರ್ಸ್‌ನಲ್ಲಿ ಬ್ರೆಟ್ ಫಾರ್ವ್ ಅವರ ಹಿಂದೆ ಕಾದರು. ಪ್ಯಾಟ್ರಿಕ್ ಮಹೋಮ್ಸ್ 2017ರಲ್ಲಿ ಕ್ಯಾನ್ಸಸ್ ಸಿಟಿ ಚೀಫ್ಸ್‌ನಲ್ಲಿ ಅಲೆಕ್ಸ್ ಸ್ಮಿತ್ ಅವರ ಹಿಂದಿದ್ದು, ಮರುವರ್ಷ 50 ಟಚ್‌ಡೌನ್ ಎಸೆದರು.
- ಮುಂಚೂಣಿಗೆ ಆದ್ಯತೆ: ಕ್ವಾರ್ಟರ್‌ಬ್ಯಾಕ್ ಬಂದ ಮೇಲೆ ಮುಂಚೂಣಿಯ ಆಟಗಾರರಿಗೆ ಡ್ರಾಫ್ಟ್ ಆಯ್ಕೆ ಹಾಗೂ ಹಣ ವಿನಿಯೋಗಿಸುವುದು. 2024ರಲ್ಲಿ ಶಿಕಾಗೊ ಬೇರ್ಸ್‌ನ ಕೇಲೆಬ್ ವಿಲಿಯಮ್ಸ್ ಮೊದಲ ಋತುವಿನಲ್ಲೇ 68 ಬಾರಿ ಸ್ಯಾಕ್‌ಗೊಳಗಾದರು. ಬಳಿಕ ಆ ತಂಡ ಬೆನ್ ಜಾನ್ಸನ್ ಅವರನ್ನು ಮುಖ್ಯ ತರಬೇತುದಾರರನ್ನಾಗಿ ನೇಮಿಸಿ, ಮುಂಚೂಣಿಯ ನಡುವಿನ ಮೂರೂ ಸ್ಥಾನಗಳಿಗೆ ಹೊಸ ಆಟಗಾರರನ್ನು ತಂದಿತು.
- ತಂತ್ರದ ಹೊಂದಾಣಿಕೆ: ಬೇಗ ಮುಗಿಯುವ ಎಸೆತಗಳು, ಮುಂಚೂಣಿಗೆ ಹೆಚ್ಚುವರಿ ತಡೆಗಾರರ ನೆರವು, ಓಟದ ಆಟಕ್ಕೆ ಒತ್ತು.
- ಮಾರ್ಗದರ್ಶನದ ಸ್ಥಿರತೆ: ಒಬ್ಬನೇ ಸಂಯೋಜಕ, ಒಂದೇ ಪದ್ಧತಿ ಕೆಲವು ವರ್ಷವಾದರೂ ಮುಂದುವರಿಯುವಂತೆ ನೋಡಿಕೊಳ್ಳುವುದು.

ಈ ಕ್ರಮಗಳಲ್ಲಿ ಯಾವುದೂ ಯಶಸ್ಸಿನ ಭರವಸೆ ನೀಡುವುದಿಲ್ಲ. ಆದರೆ ಚೇತರಿಸಿಕೊಂಡ ಆಟಗಾರರ ಉದಾಹರಣೆಗಳಲ್ಲಿ ಒಂದು ಅಂಶ ಸಮಾನವಾಗಿ ಕಾಣುತ್ತದೆ: ಅವರ ಸುತ್ತಲಿನ ಆಸರೆ ಬದಲಾದ ಮೇಲೆಯೇ ಅವರ ಆಟ ಬದಲಾಯಿತು.

## ಇವನ್ನೂ ನೋಡಿ

- ಅಮೆರಿಕನ್ ಫುಟ್‌ಬಾಲ್
- ಕ್ವಾರ್ಟರ್‌ಬ್ಯಾಕ್
- ನ್ಯಾಷನಲ್ ಫುಟ್‌ಬಾಲ್ ಲೀಗ್
- ಸೂಪರ್ ಬೌಲ್
- ಹ್ಯೂಸ್ಟನ್ ಟೆಕ್ಸನ್ಸ್